ಅಕ್ಕನ ಬದಲಿಗೆ ನಾನಿಳಿದ ವಿಮಾನ ನಿಲ್ದಾಣ

ಅಕ್ಕನ ಮಗಳು ಬಸುರಿ ಎಂಬ ಸುದ್ದಿ ಬಂದಾಗ ನಾನು ಟಿಕೋಟಾದಲ್ಲಿ ಅಕ್ಕನ ಮನೆಯ ಪಡಸಾಲೆಯಲ್ಲೇ ಕೂತಿದ್ದೆ. ಒಣದ್ರಾಕ್ಷಿಯ ಕೆಲಸ ನಡೆದಿತ್ತು. ಅಕ್ಕ ತಾಡಪತ್ರಿಯ ಮೇಲೆ ಕೂತು ಕಡ್ಡಿ, ಕಸ ಆರಿಸುತ್ತಿದ್ದಳು. ನಾನು ಆರಿಸುವ ನೆಪದಲ್ಲಿ ತಿನ್ನುತ್ತಿದ್ದೆ. ಅಕ್ಕನ ಫೋನಿನಲ್ಲಿ ಮುಖ ಸರಿಯಾಗಿ ಕಾಣುವುದಿಲ್ಲವೆಂದು ಮಗಳು ನನ್ನ ಫೋನಿಗೇ ಕರೆ ಮಾಡಿದ್ದಳು. ಹೀಗಾಗಿ ಆ ಮಾತನ್ನು ತಾಯಿಗಿಂತ ಮೊದಲು ಕೇಳಿದವಳು ನಾನು. ಮುಂದೆಯೂ ಹಾಗೇ ಆಯಿತು. ಅಕ್ಕನಿಗೆ ಸೇರಬೇಕಾದದ್ದು ಒಂದೊಂದಾಗಿ ನನ್ನ ಕೈಗೆ ಬಂತು.

ನಾವಿಬ್ಬರೂ ಬಬಲೇಶ್ವರದಲ್ಲಿ ಹುಟ್ಟಿ ಬೆಳೆದವರು. ಅಕ್ಕನನ್ನು ಟಿಕೋಟಾದ ಒಕ್ಕಲುತನದ ಮನೆಗೆ ಕೊಟ್ಟರು, ನನ್ನನ್ನು ವಿಜಯಪುರದ ನೌಕರದಾರನಿಗೆ. ನಾನು ಜಲನಗರದಲ್ಲಿ ಸಂಸಾರ ಹೂಡಿದೆ, ಹೈಸ್ಕೂಲಿನಲ್ಲಿ ಭೂಗೋಳ, ಚರಿತ್ರೆ ಕಲಿಸಿ ನಿವೃತ್ತಳಾದೆ. ಅವ್ವ ಬೇಗ ತೀರಿಕೊಂಡಿದ್ದರಿಂದ ನನ್ನ ಇಬ್ಬರು ಗಂಡುಮಕ್ಕಳ ಬಾಣಂತನವನ್ನೂ ಅಕ್ಕನೇ ಮಾಡಿದಳು. ತನ್ನ ಹೊಲಮನೆ, ದನಕರು ಎಲ್ಲ ಗಂಡನ ಕೊರಳಿಗೆ ಕಟ್ಟಿ ತಿಂಗಳುಗಟ್ಟಲೆ ನನ್ನ ಮನೆಯಲ್ಲಿ ಇದ್ದಳು. ಮುಂದೆ ಅವಳ ಒಬ್ಬಳೇ ಮಗಳು ಕಾಲೇಜು ಓದಲು ನಮ್ಮ ಮನೆಗೆ ಬಂದಳು. ಅದನ್ನು ನಾನು ಋಣ ತೀರಿಸಿದ ಹಾಗೆ ಅಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ ಹೆಣ್ಣುಮಕ್ಕಳಿಲ್ಲದ ನನ್ನ ಮನೆಗೆ ಅವಳೇ ಬೆಳಕಾಗಿದ್ದಳು.

ಆ ಹುಡುಗಿಯ ಗಂಡ ಅಂಗರಚನಾಶಾಸ್ತ್ರ ಕಲಿಸುವ ಮೇಷ್ಟ್ರು. ಬಾರ್ಬಡೋಸ್ ಎಂಬ ಕೆರಿಬಿಯನ್ ದ್ವೀಪದೇಶದಲ್ಲಿ ಒಂದು ಖಾಸಗಿ ವೈದ್ಯಕೀಯ ಕಾಲೇಜಿನಲ್ಲಿ ಕೆಲಸ ಸಿಕ್ಕಿ ಹೆಂಡತಿಯನ್ನು ಕರೆದುಕೊಂಡು ಹೋಗಿದ್ದ. ನಮ್ಮ ಮನೆಯವರೆಲ್ಲ ಆ ಹೆಸರು ಕೇಳಿ ಕಣ್ಣು ಕಣ್ಣು ಬಿಟ್ಟಾಗ ಅಕ್ಕನ ಗಂಡನೊಬ್ಬನೇ ತಲೆಯಾಡಿಸಿದ್ದ.

"ಬಾರ್ಬಡೋಸ್ ಗೊತ್ತೈತಿ ನಂಗ. ರೇಡಿಯೋದಾಗ ಕಾಮೆಂಟ್ರಿ ಕೇಳೇನಿ. ಅಲ್ಲಿ ಪಿಚ್ಚಿನ ಮ್ಯಾಲ ಬಾಲ್ ಎದಿ ಮಟ ಏಳತೈತಿ."

ಆ ದಿನ ಅಕ್ಕ ಫೋನಿನಲ್ಲಿ ಮಗಳ ಮಾತು ಕೇಳಿ ಕೈಯಲ್ಲಿದ್ದ ದ್ರಾಕ್ಷಿಯನ್ನು ತಾಡಪತ್ರಿಯ ಮೇಲೆ ಮೆಲ್ಲಗೆ ಇಟ್ಟಳು. ಕಣ್ಣೊರೆಸಿಕೊಂಡಳು. ಮಗಳಿಗೂ ಅಲ್ಲಿ ಕೆಲಸವಿತ್ತು, ಇಲ್ಲಿಗೆ ಬಂದು ಹೆರಲು ರಜೆ ಸಿಗುವಂತಿರಲಿಲ್ಲ. ಅಳಿಯನ ತಾಯಿಗೆ ಮಂಡಿ ನೋವು, ಎದ್ದು ಓಡಾಡುವುದೇ ಕಷ್ಟ.

"ಹಂಗಾರ ನಾನ ಹೋಗಬೇಕಾತು," ಅಂದಳು ಅಕ್ಕ. ಆಮೇಲೆ ನನ್ನ ಕಡೆ ತಿರುಗಿ, "ಹೆಂಗ್ ಹೋಗೂದ ಬೇ ಅಲ್ಲಿಗೆ?" ಎಂದು ಕೇಳಿದಳು.

"ನಾನೂ ಬರತೀನಿ. ನಿನ್ನ ಮುಟ್ಟಿಸಿ, ಒಂದ್ ವಾರ ಇದ್ದು ವಾಪಸ್ ಬರತೀನಿ," ಅಂದೆ.

ಆ ಮಾತು ಎಷ್ಟು ಬೇಗ ಬಂತೆಂದರೆ ನನಗೇ ನಾಚಿಕೆಯಾಯಿತು. ಜೀವಮಾನವಿಡೀ ನಕಾಶೆಯ ಮೇಲೆ ಕೋಲು ಇಟ್ಟು ತೋರಿಸಿದ ದ್ವೀಪಗಳವು. ಅಮೆರಿಕದ ಎರಡು ಖಂಡಗಳ ನಡುವೆ ಸಾಸಿವೆ ಸಿಡಿದಂತೆ ಚೆಲ್ಲಿದ ಚುಕ್ಕೆಗಳು. ಆ ಚುಕ್ಕೆಗಳಲ್ಲಿ ಒಂದರ ಮೇಲೆ ಕಾಲಿಡುವ ಆಸೆ ನನಗಿತ್ತು. ಅಕ್ಕನನ್ನು ಕರೆದುಕೊಂಡು ಹೋಗುವುದು ಕರ್ತವ್ಯ ಎಂದು ಎಲ್ಲರಿಗೂ ಹೇಳಿದೆ. ಆಸೆಯ ವಿಷಯ ಯಾರಿಗೂ ಹೇಳಲಿಲ್ಲ.

ಇಬ್ಬರ ಪಾಸ್‌ಪೋರ್ಟೂ ಆದವು. ಆ ದೇಶಕ್ಕೆ ನಮ್ಮವರು ಕೆಲವು ತಿಂಗಳ ಮಟ್ಟಿಗೆ ಹೋಗಲು ವೀಸಾ ಬೇಕಿರಲಿಲ್ಲ. ಆದರೆ ನಡುವೆ ಯುರೋಪಿನ ಒಂದು ದೊಡ್ಡ ನಿಲ್ದಾಣದಲ್ಲಿ ವಿಮಾನ ಬದಲಿಸಬೇಕಿತ್ತು. ಹೊರಗೆ ಕಾಲಿಡದಿದ್ದರೂ ಆ ದೇಶದಿಂದ ದಾಟಿಹೋಗುವ ವೀಸಾ ಬೇಕು ಎಂದು ಸಿದ್ಧೇಶ್ವರ ಗುಡಿಯ ಹತ್ತಿರ ಟಿಕೆಟ್ ಅಂಗಡಿ ಇಟ್ಟಿರುವ ಏಜೆಂಟ ಹೇಳಿದ. ಇಬ್ಬರದ್ದೂ ಅರ್ಜಿ ಹಾಕುವುದೆಂದು ನಿಶ್ಚಯವಾಯಿತು.

ಅಷ್ಟರಲ್ಲಿ ನಾಗರಪಂಚಮಿ ಬಂತು. ಅಕ್ಕ, ನಾನು ಇಬ್ಬರೂ ಬಬಲೇಶ್ವರದ ತವರಿಗೆ ಹೋದೆವು. ಅಕ್ಕನಿಗೆ ಬಾರ್ಬಡೋಸಿನ ವಿಮಾನ ನಿಲ್ದಾಣದ ಪಾಠ ಮಾಡಿದ್ದು ಅಲ್ಲೇ. ಒಂದು ವೇಳೆ ಜನದಟ್ಟಣೆಯಲ್ಲಿ ನಾವು ಬೇರೆ ಬೇರೆಯಾದರೆ ಅವಳು ಗಾಬರಿಯಾಗಬಾರದೆಂದು ನನ್ನ ಹಟ. ಮಗಳು ಧ್ವನಿಸಂದೇಶಗಳಲ್ಲಿ ಎಲ್ಲ ವಿವರಿಸಿದ್ದಳು, ಮಿಕ್ಕಿದ್ದನ್ನು ನಾನು ಓದಿಕೊಂಡಿದ್ದೆ. ತಮ್ಮನ ಮನೆಯ ಅಂಗಳದಲ್ಲಿ ಸೀಮೆಸುಣ್ಣದಿಂದ ದ್ವೀಪ ಬರೆದೆ. ಅದರ ದಕ್ಷಿಣದ ತುದಿಯಲ್ಲಿ, ಸಮುದ್ರಕ್ಕೆ ಸಮೀಪದಲ್ಲೇ ಒಂದು ಉದ್ದ ಗೆರೆ. ಇಡೀ ದೇಶಕ್ಕೆ ಅದೊಂದೇ ವಿಮಾನ ನಿಲ್ದಾಣ, ಆ ನಿಲ್ದಾಣಕ್ಕೆ ಅದೊಂದೇ ಓಡುದಾರಿ.

"ವಿಮಾನ ಇಲ್ಲಿ ಇಳಿತೈತಿ. ನಮ್ಮ ಬಸ್ಸಿನಂಗ ಮೆಟ್ಲ ಇಳದು ನೆಲದ ಮ್ಯಾಲ ನಡಕೊಂಡ ಹೋಗಬೇಕು. ಇಲ್ಲಿ ಪಾಸ್‌ಪೋರ್ಟ್ ನೋಡತಾರ. ಇಲ್ಲಿ ಪೆಟ್ಟಿಗಿ ಬರತಾವ. ಇಲ್ಲಿ ಪೆಟ್ಟಿಗಿ ತೆಗದು ತೋರಸು ಅಂತಾರ. ಆಮ್ಯಾಲ ಬಾಗಲ. ಬಾಗಲದಾಚೆ ನಿನ್ನ ಮಗಳು."

ಅಕ್ಕ ಸೆರಗು ಸಿಕ್ಕಿಸಿಕೊಂಡು ಗೆರೆಗಳ ನಡುವೆ ನಡೆದಳು. ಜೋಕಾಲಿ ಆಡುತ್ತಿದ್ದ ಓಣಿಯ ಹೆಣ್ಣುಮಕ್ಕಳೆಲ್ಲ ಇಳಿದು ಬಂದು ಸುತ್ತ ನಿಂತರು. ನಾನು ಅಧಿಕಾರಿಯಾದೆ. ತಿರುವಿ ಹಾಕಿದ ಬುಟ್ಟಿಯ ಮೇಲೆ ಕೂತು ಇಂಗ್ಲಿಷಿನಲ್ಲಿ ಯಾಕೆ ಬಂದಿರಿ ಎಂದು ಗದರಿದೆ. ಮಗಳ ಹೆರಿಗೆಗೆ ಬಂದಿದ್ದೇನೆ ಎಂಬ ಪೂರ್ತಿ ವಾಕ್ಯವನ್ನು ಅವಳಿಗೆ ಇಂಗ್ಲಿಷಿನಲ್ಲಿ ಕಲಿಸಿದ್ದೆ. ಅವಳು ಪ್ರತಿಸಲ "ಡಾಟರ್ ಡೆಲಿವರಿ" ಎಂದಷ್ಟೇ ಹೇಳುತ್ತಿದ್ದಳು. ನಾನು ಬಿಡಲಿಲ್ಲ. ಮತ್ತೆ ಹೇಳು, ಸರಿಯಾಗಿ ಹೇಳು ಎಂದು ಮೇಷ್ಟ್ರಿಕೆ ಮಾಡಿದೆ.

"ಡಾಟರ್ ಡೆಲಿವರಿ ಅಂದ್ರ ತಿಳಿಯೂದಿಲ್ಲೇನ ಬೇ ಅವರಿಗೆ?" ಅಕ್ಕ ಕೊನೆಗೆ ಕೇಳಿದಳು. "ಅವರೂ ಮಕ್ಕಳನ ಹಡದವರ ಅಲ್ಲೇನ?"

ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು. ಆದರೆ ಸಂಜೆ ಉಂಡಿ ಕಟ್ಟುವಾಗ ಅವಳ ತುಟಿ ಅಲ್ಲಾಡುತ್ತಿದ್ದುದನ್ನು ನೋಡಿದೆ. ಆ ವಾಕ್ಯವನ್ನು ತನ್ನಷ್ಟಕ್ಕೆ ತಾನೇ ಹೇಳಿಕೊಳ್ಳುತ್ತಿದ್ದಳು.

ಅವಳು ವಿಮಾನ ನಿಲ್ದಾಣ ಎಂಬುದನ್ನೇ ನೋಡಿದವಳಲ್ಲ. ಹೀಗಾಗಿ ನನ್ನ ಗಂಡ ಒಂದು ದಿನ ಇಬ್ಬರನ್ನೂ ಕಾರಿನಲ್ಲಿ ಕೂರಿಸಿಕೊಂಡು ವಿಜಯಪುರದ ಹೊರಗೆ ಕಟ್ಟುತ್ತಿದ್ದ ನಮ್ಮೂರಿನದೇ ಹೊಸ ನಿಲ್ದಾಣದ ಕಡೆ ಕರೆದುಕೊಂಡು ಹೋದರು. ಕಟ್ಟಡ ಎದ್ದು ನಿಂತಿತ್ತು, ವಿಮಾನ ಇನ್ನೂ ಬಂದಿರಲಿಲ್ಲ. ದೂರದಿಂದಲೇ ನೋಡಿದೆವು. ತಂತಿಬೇಲಿಯ ಆಚೆ ಕಪ್ಪು ಮಣ್ಣಿನ ಬಯಲು, ಅದರಾಚೆ ಬೆಳ್ಳಗೆ ಹೊಳೆಯುವ ಗಾಜು.

"ಅಕ್ಕಾರ, ಅಲ್ಲೀದೂ ಹೆಚ್ಚೂಕಡಿಮಿ ಹಿಂಗ ಇರತೈತ್ರಿ," ಅಂದರು ನನ್ನವರು.

"ಅಲ್ಲಿ ಬೇಲಿ ಹಂತ್ಯಾಕ ಕಬ್ಬ ಐತಂತ್ರಿ," ಎಂದಳು ಅಕ್ಕ. ಮಗಳು ಹೇಳಿದ್ದ ಆ ಒಂದು ಮಾತು ಅವಳಿಗೆ ಧೈರ್ಯ ಕೊಟ್ಟಿತ್ತು. ಕಬ್ಬು ಬೆಳೆಯುವ ಊರಿನಲ್ಲಿ ತಾನು ದಾರಿ ತಪ್ಪುವುದಿಲ್ಲ ಅನಿಸಿತ್ತೇನೋ.

ವೀಸಾ ನನಗೆ ಬಂತು. ಅಕ್ಕನಿಗೆ ಬರಲಿಲ್ಲ.

ಏಜೆಂಟನ ಅಂಗಡಿಯಲ್ಲಿ ಎರಡು ಲಕೋಟೆಗಳನ್ನೂ ಒಡೆದವಳು ನಾನೇ. ನನಗೆ ಪಿಂಚಣಿಯಿದೆ, ನನ್ನ ಹೆಸರಿನಲ್ಲಿ ಮನೆಯಿದೆ. ಅಕ್ಕ ದುಡಿದು ಹಸಿರು ಮಾಡಿದ ಹೊಲ, ದ್ರಾಕ್ಷಿಯ ತೋಟ ಎಲ್ಲವೂ ಗಂಡನ ಹೆಸರಿನಲ್ಲಿದ್ದವು. ಅವಳು ಮುಂದಿನ ಪ್ರಯಾಣ ಮಾಡುತ್ತಾಳೆ, ಮಾಡಿ ತನ್ನ ಊರಿಗೆ ಮರಳುತ್ತಾಳೆ ಎಂದು ವೀಸಾ ಕೊಡುವವರಿಗೆ ನಂಬಿಕೆ ಬಂದಿರಲಿಲ್ಲ. ಟಿಕೋಟಾ ಬಿಟ್ಟು ಎರಡು ದಿನ ಇದ್ದರೆ ಎಮ್ಮೆ ಹಾಲು ಕೊಡುವುದಿಲ್ಲ ಎಂದು ಒದ್ದಾಡುವ ಹೆಂಗಸು ಅವಳು. ಮತ್ತೆ ಅರ್ಜಿ ಹಾಕಬಹುದಿತ್ತು, ಆದರೆ ಹೆರಿಗೆಯ ಹೊತ್ತಿಗೆ ಕೈಸೇರುವ ಭರವಸೆ ಇರಲಿಲ್ಲ. ಬೇರೆ ದಾರಿಗಳೂ ಅಂಥವೇ, ಎಲ್ಲದಕ್ಕೂ ಯಾವುದೋ ಒಂದು ದೇಶದ ಅಪ್ಪಣೆ ಬೇಕಿತ್ತು.

ನಾನು ಆ ಕಾಗದ ಓದಿದಾಗ ನನ್ನೊಳಗೆ ಮೊದಲು ಎದ್ದದ್ದು ದುಃಖವಾಗಿರಲಿಲ್ಲ. ಹಾಗಾದರೆ ನಾನೊಬ್ಬಳೇ ಹೋಗಬೇಕು, ಬರೀ ಒಂದು ವಾರವಲ್ಲ, ತಿಂಗಳುಗಟ್ಟಲೆ ಇರಬೇಕು ಎಂಬ ಯೋಚನೆ ಮಿಂಚಿತು. ಮಿಂಚಿದ್ದು ಸಂತೋಷವೇ. ಅದರ ಬೆನ್ನಿಗೇ ಅಕ್ಕನ ಮುಖ ನೆನಪಾಯಿತು. ತಪ್ಪು ನನ್ನದಲ್ಲ ಎಂದು ಏಜೆಂಟ ಹೇಳಿದ, ಗಂಡ ಹೇಳಿದರು, ತಮ್ಮ ಫೋನಿನಲ್ಲಿ ಹೇಳಿದ. ಅವರು ಯಾರಿಗೂ ಆ ಒಂದು ಕ್ಷಣದ ವಿಷಯ ಗೊತ್ತಿರಲಿಲ್ಲ.

ಟಿಕೋಟಾಕ್ಕೆ ಹೋಗಿ ಹೇಳಿದೆ. ಅಕ್ಕ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಲಿಲ್ಲ. ಹಂಚಿನ ಮೇಲಿದ್ದ ರೊಟ್ಟಿಯನ್ನು ತಿರುವಿ ಹಾಕಿ, ಬೆಂದ ಮೇಲೆ ಬುಟ್ಟಿಗೆ ಹಾಕಿ ಕೇಳಿದಳು.

"ನಿಂದು ಬಂದೈತಲ್ಲ?"

"ಬಂದೈತಿ."

"ಹಂಗಾರ ನೀ ಹೋಗು. ಅಕಿ ಒಬ್ಬಾಕಿ ಆಗಬಾರದು."

"ಅಕ್ಕಾ, ಕೂಸಿಗೆ ಎರಿಯೂದು ನಂಗೆಲ್ಲಿ ಬರತೈತಿ? ನನ್ನ ಮಕ್ಕಳಿಗೂ ನೀನ ಎರದಾಕಿ."

"ಕಲಸತೀನಿ ಏಳು. ನೀ ನಂಗ ವಿಮಾನ ಕಲಿಸಿದಿ, ನಾ ನಿಂಗ ಇದನ್ನ ಕಲಸತೀನಿ."

ನಗುತ್ತಾ ಹೇಳಿದಳು. ಆಮೇಲೆ ಎಮ್ಮೆಗೆ ನೀರು ಕುಡಿಸಿ ಬರುತ್ತೇನೆಂದು ಹೋದವಳು ಬಹಳ ಹೊತ್ತು ಬರಲೇ ಇಲ್ಲ. ನಾನು ಎದ್ದು ಹೋಗಿ ನೋಡಬಹುದಿತ್ತು. ಹೋಗಲಿಲ್ಲ. ಅಲ್ಲಿ ಏನು ಕಾಣುತ್ತದೋ ಎಂಬ ಹೆದರಿಕೆ.

ಅವಳು ಕಟ್ಟಿಕೊಟ್ಟ ಪೆಟ್ಟಿಗೆಯಲ್ಲಿ ನನ್ನ ಬಟ್ಟೆಗೆ ಜಾಗವೇ ಉಳಿಯಲಿಲ್ಲ. ಅಂಟಿನುಂಡಿ, ಒಣಕೊಬ್ಬರಿ, ಉತ್ತತ್ತಿ, ಬಾಣಂತಿಗೆ ಕೊಡುವ ಅಳವಿ ಬೀಜ, ಕೂಸಿಗೆ ತೇಯ್ದು ನೆಕ್ಕಿಸುವ ಬಜೆ, ಕೂಸಿನ ತಲೆಗೆ ಖಣದ ಕುಂಚಿಗೆಗಳು, ಹಳೆಯ ಸೀರೆಗಳನ್ನು ಹೊಲಿದು ಮಾಡಿದ ಪುಟ್ಟ ಕೌದಿ. ಅಳವಿಯನ್ನು ಬಿಸಿಲಿಗೆ ಹಾಕಿ, ಕಲ್ಲು ಆರಿಸಿ, ತೆಳು ಬಟ್ಟೆಯಲ್ಲಿ ಕಟ್ಟಿದ್ದಳು.

ಮುಂಬೈಯಿಂದ ಹಾರಿ, ನಡುವೆ ವಿಮಾನ ಬದಲಿಸಿ, ಕೊನೆಗೆ ನಡುಹಗಲಿನಲ್ಲಿ ಆ ದ್ವೀಪದ ಮೇಲೆ ಇಳಿಯತೊಡಗಿದಾಗ ನಾನು ಕಿಟಕಿಗೆ ಮುಖ ಹಚ್ಚಿ ಕೂತಿದ್ದೆ. ಗಾಢ ನೀಲಿ, ಅದು ತೆಳುವಾಗಿ ಹಸಿರು ನೀಲಿ, ಅಂಚಿನಲ್ಲಿ ಬಿಳಿ ನೊರೆ, ಕೂಡಲೇ ಕಬ್ಬಿನ ಹೊಲ. ಹಾಗೇ ಚಕ್ರ ನೆಲಕ್ಕೆ ತಾಗಿತು. ಮೆಟ್ಟಿಲ ಮೇಲೆ ನಿಂತಾಗ ಉಪ್ಪು ಗಾಳಿ ಸೀರೆಯನ್ನು ಹಾರಿಸಿತು. ಬಿಸಿಲು ನಮ್ಮ ಕಡೆಯ ಚೈತ್ರದ್ದೇ, ಆದರೆ ಗಾಳಿ ನಿಂತಿರಲಿಲ್ಲ. ಮುಂದೆ ಕಟ್ಟಡಗಳ ನಡುವೆ ದೊಡ್ಡ ದೊಡ್ಡ ಬಿಳಿ ಗುಡಾರಗಳ ಹಾಗೆ ಚಾವಣಿ ಎತ್ತಿ ಕಟ್ಟಿದ್ದರು. ಯಾರದೋ ಮನೆಯ ಮದುವೆಗೆ ಹಾಕಿದ ಶಾಮಿಯಾನದೊಳಗೆ ಹೋಗುವಂತಿತ್ತು. ಮಗಳು ಹೇಳಿದಂತೆ, ನಾನು ಅಂಗಳದಲ್ಲಿ ಬರೆದಂತೆ, ಎಲ್ಲವೂ ಇದ್ದವು. ಒಂದೊಂದನ್ನೂ ದಾಟುವಾಗ ಇದು ಅಕ್ಕ ನಡೆಯಬೇಕಿದ್ದ ನೆಲ ಅನಿಸುತ್ತಿತ್ತು. ಅನಿಸುತ್ತಿದ್ದರೂ ಕಣ್ಣು ಎಲ್ಲವನ್ನೂ ಆಸೆಯಿಂದ ನುಂಗುತ್ತಿತ್ತು.

ಪಾಸ್‌ಪೋರ್ಟ್ ನೋಡುವ ಹಜಾರದಲ್ಲಿ ಉದ್ದ ಸಾಲುಗಳಿದ್ದವು. ಚಳಿಯ ದೇಶಗಳಿಂದ ರಜೆಗೆ ಬಂದವರು ಆಗಲೇ ಟೋಪಿ ಹಾಕಿಕೊಂಡಿದ್ದರು. ಅಕ್ಕಪಕ್ಕದ ದ್ವೀಪಗಳಿಂದ ಸಣ್ಣ ವಿಮಾನಗಳಲ್ಲಿ ಬಂದವರು, ನಮ್ಮಲ್ಲಿ ಸೊಲ್ಲಾಪುರದಿಂದ ಬಸ್ಸಿಗೆ ಬಂದವರ ಹಾಗೆ, ಒಬ್ಬರನ್ನೊಬ್ಬರು ಕೂಗಿ ಮಾತಾಡಿಸುತ್ತಿದ್ದರು. ನನ್ನ ಸರದಿ ಬಂದಾಗ ಗಾಜಿನ ಹಿಂದೆ ನನ್ನ ವಯಸ್ಸಿನವಳೇ ಒಬ್ಬ ಅಧಿಕಾರಿ. ಕನ್ನಡಕವನ್ನು ಸರಪಳಿಯಲ್ಲಿ ಕೊರಳಿಗೆ ಹಾಕಿಕೊಂಡಿದ್ದಳು. ಯಾಕೆ ಬಂದಿರಿ ಎಂದು ಇಂಗ್ಲಿಷಿನಲ್ಲಿ ಕೇಳಿದಳು, ಗದರದೆ.

ಅಕ್ಕನಿಗೆ ಮತ್ತೆ ಮತ್ತೆ ಹೇಳಿಕೊಟ್ಟ ವಾಕ್ಯವೇ ನನ್ನ ಬಾಯಿಂದ ಬಂತು. ಮಗಳ ಹೆರಿಗೆಗೆ ಬಂದಿದ್ದೇನೆ.

ಅವಳ ಮುಖ ಅರಳಿತು. "ಮೊದಲನೇ ಮೊಮ್ಮಗುವೇ?"

"ಹೌದು."

"ಒಳ್ಳೆಯದಾಗಲಿ ಅಜ್ಜಿ," ಎಂದು ಮುದ್ರೆ ಒತ್ತಿ ಪಾಸ್‌ಪೋರ್ಟ್ ನನ್ನ ಕಡೆ ಸರಿಸಿದಳು.

ಅಕ್ಕನ ಮಗಳು ಎಂದು ತಿದ್ದಬೇಕೆಂದು ಬಾಯಿ ತೆರೆದೆ. ಹಿಂದಿನವನು ಆಗಲೇ ಮುಂದೆ ಬಂದಿದ್ದ. ನಮ್ಮಲ್ಲಿ ಅಕ್ಕನ ಮಗಳು ಮಗಳೇ, ನಾನು ಅವಳಿಗೆ ಚಿಗವ್ವ, ಚಿಕ್ಕ ತಾಯಿ. ಸುಳ್ಳೇನೂ ಹೇಳಿರಲಿಲ್ಲ. ಆದರೂ ಆ ಅಧಿಕಾರಿ ಕೊಟ್ಟ ನಗು ಅಕ್ಕನ ಪಾಲಿನದು. ಅದನ್ನು ನಾನು ಕೈಚೀಲದಲ್ಲಿ ಹಾಕಿಕೊಂಡು ಬಂದ ಹಾಗೆ ಅನಿಸಿತು.

ಪೆಟ್ಟಿಗೆ ತೆಗೆದು ತೋರಿಸುವ ಕಡೆ ಒಬ್ಬ ಎತ್ತರದ ಯುವತಿ ಎಲ್ಲವನ್ನೂ ಒಂದೊಂದಾಗಿ ಮೂಸಿ ನೋಡಿದಳು. ಬೀಜ, ಬೇರು ತಂದಿದ್ದೇನೆ ಎಂದು ನಾನೇ ಮೊದಲೇ ಬರೆದುಕೊಟ್ಟಿದ್ದೆ. ಅಂಟಿನುಂಡಿಯ ಡಬ್ಬಿಯನ್ನು ವಾಪಸ್ ಕೊಟ್ಟಳು. ಅಳವಿಯ ಗಂಟು, ಬಜೆಯ ಬೇರು ಎರಡನ್ನೂ ಪಕ್ಕಕ್ಕೆ ಇಟ್ಟಳು.

"ಅನುಮತಿ ಇಲ್ಲದೆ ಇವನ್ನು ಒಳಗೆ ಬಿಡಲು ಆಗುವುದಿಲ್ಲ. ನಮ್ಮದು ಸಣ್ಣ ದೇಶ. ಒಂದು ಹುಳು ಬಂದರೆ ಬೆಳೆಯೆಲ್ಲ ಹೋಗುತ್ತದೆ."

ಒಕ್ಕಲುತನದ ಮನೆಯಿಂದ ಬಂದ ನನಗೆ ಅದು ನ್ಯಾಯವೆಂದೇ ಕಂಡಿತು. ಅವಳು ಗಂಟನ್ನು ಎತ್ತಿ ಒಂದು ಡಬ್ಬದಲ್ಲಿ ಹಾಕಿದಾಗ, ಟಿಕೋಟಾದ ಅಂಗಳದಲ್ಲಿ ಮೊರ ಹಿಡಿದು ಕಣ್ಣು ಕಿರಿದು ಮಾಡಿಕೊಂಡು ಕೂತಿದ್ದ ಅಕ್ಕ ಕಂಡಳು. ಅವಳಾಗಿದ್ದರೆ ಇಲ್ಲಿ ಒಂದು ಮಾತು ಆಡಿರುತ್ತಿದ್ದಳು. ಕನ್ನಡದಲ್ಲೇ ಆದರೂ ಜಗಳವಾಡಿ, ಕೊನೆಗೆ ಆ ಹುಡುಗಿಯ ಬಾಯಿಗೆ ಒಂದು ಉಂಡಿಯನ್ನಾದರೂ ಹಾಕಿರುತ್ತಿದ್ದಳು. ನಾನು ಥ್ಯಾಂಕ್ಸ್ ಹೇಳಿ ಪೆಟ್ಟಿಗೆ ಮುಚ್ಚಿದೆ.

ಕೆಂಪು ಟೋಪಿಯ ಹಮಾಲನೊಬ್ಬ ಗಾಡಿ ತಳ್ಳಿಕೊಂಡು ಮುಂದೆ ಹೋದ. ಬಾಗಿಲು ತೆರೆಯಿತು. ಹೊರಗೆ ನೆರಳಿನಲ್ಲಿ ಜನ ಕಾಯುತ್ತಿದ್ದರು. ಅವರ ನಡುವೆ ತುಂಬು ಬಸುರಿ ಹುಡುಗಿ, ಪಕ್ಕದಲ್ಲಿ ಅವಳ ಗಂಡ. ನನ್ನನ್ನು ನೋಡಿ ಕೈ ಎತ್ತಿದಳು. ನಾನು ಒಬ್ಬಳೇ ಬರುತ್ತಿರುವುದು ಅವಳಿಗೆ ಎಂದೋ ಗೊತ್ತಿತ್ತು. ಆದರೂ ಅವಳ ಕಣ್ಣು ಒಂದು ಸಲ ನನ್ನ ಹೆಗಲಾಚೆ, ನನ್ನ ಹಿಂದೆ ಮುಚ್ಚಿಕೊಳ್ಳುತ್ತಿದ್ದ ಬಾಗಿಲಿನ ಕಡೆ ಹೋಗಿಬಂತು.

"ಚಿಗವ್ವಾ," ಎಂದು ತಬ್ಬಿಕೊಂಡಳು. "ಅವ್ವ ಅತ್ತಳೇನು?"

"ಇಲ್ಲ," ಅಂದೆ. "ನಗಕೋತ ಕಳಸ್ಯಾಳ."

ಅವಳು ನನ್ನ ಭುಜಕ್ಕೆ ಹಣೆ ಒತ್ತಿ ಅತ್ತಳು. ಅವಳ ಗಂಡ ಟ್ಯಾಕ್ಸಿಯವನೊಡನೆ ಮಾತಾಡುವ ನೆಪದಲ್ಲಿ ಆಚೆ ಹೋದ.

ಅವರ ಮನೆ ನಿಲ್ದಾಣದಿಂದ ಹೆಚ್ಚು ದೂರವಿರಲಿಲ್ಲ. ವಿಮಾನಗಳು ಮನೆಯ ಮೇಲಿಂದಲೇ ಇಳಿಯುತ್ತಿದ್ದವು. ಸ್ವಲ್ಪ ದಿನಗಳಲ್ಲಿ ಹೆಣ್ಣು ಕೂಸು ಹುಟ್ಟಿತು. ನರ್ಸ್ ಕೂಸನ್ನು ತಂದು ಮೊದಲು ಇಟ್ಟದ್ದು ನನ್ನ ಕೈಯಲ್ಲಿ. ಆಗ ಟಿಕೋಟಾದಲ್ಲಿ ಹೊತ್ತು ಮುಳುಗಿತ್ತು, ಅಕ್ಕನ ಕಡೆ ನೆಟ್‌ವರ್ಕ್ ಸಿಗುತ್ತಿರಲಿಲ್ಲ. ಕರೆ ಹತ್ತುವ ಹೊತ್ತಿಗೆ ಕೂಸು ನಿದ್ದೆ ಹೋಗಿತ್ತು. ಅಕ್ಕ ಬಹಳ ಹೊತ್ತು ಪರದೆಯನ್ನೇ ನೋಡಿದಳು.

"ಯಾರಂಗ ಐತಿ?" ಅಂತ ನಾನು ಕೇಳಿದೆ.

"ಹಿಂಗ ಮಬ್ಬ ಮಬ್ಬ ಕಂಡ್ರ ಏನ್ ಹೇಳಲಿ? ಮೈ ಮುಟ್ಟಿ ನೋಡಿದ್ರ ಹೇಳ್ತಿದ್ನಿ," ಅಂದಳು.

ಕೂಸಿಗೆ ಎಣ್ಣೆ ಹಚ್ಚಿ ಎರೆಯುವ ಕೆಲಸ ಫೋನಿನಲ್ಲೇ ಕಲಿತೆ. ಅಳಿಯ ಫೋನು ಹಿಡಿದು ನಿಲ್ಲುತ್ತಿದ್ದ, ನಾನು ಕಾಲು ಚಾಚಿ ಕೂತು ಕೂಸನ್ನು ಮೊಣಕಾಲ ಮೇಲೆ ಮಲಗಿಸಿಕೊಳ್ಳುತ್ತಿದ್ದೆ. "ನೆತ್ತಿಗೆ ಎಣ್ಣಿ ಸಾಲದು. ಅಂಜಬ್ಯಾಡ. ಬೆನ್ನಿಗೆ ಅಂಗೈ ಕೊಡು," ಎಂದು ಅಕ್ಕ ಅಲ್ಲಿಂದ ಕೂಗುತ್ತಿದ್ದಳು. ಮೊದಮೊದಲು ಅವಳ ಮಾತಿಲ್ಲದೆ ನನ್ನ ಕೈ ಓಡುತ್ತಿರಲಿಲ್ಲ. ಆಮೇಲೆ ಓಡತೊಡಗಿತು. ಒಂದು ದಿನ ಕರೆ ಹತ್ತಲಿಲ್ಲ, ನಾನು ಒಬ್ಬಳೇ ಎರೆದು, ಹೊಗೆ ಹಾಕಿ, ಕೌದಿಯಲ್ಲಿ ಸುತ್ತಿ ಮಲಗಿಸಿದೆ. ಬಹಳ ಹೆಮ್ಮೆಯಾಯಿತು. ಮರುದಿನ ಅಕ್ಕ ಹೊತ್ತಿಗೆ ಸರಿಯಾಗಿ ಕರೆ ಮಾಡಿದಾಗ ಎರೆದಾಯಿತು ಎಂದೆ.

"ಆತೇನ? ಛಲೋ ಆತು," ಅಂದಳು.

ಅವಳಿಗಾಗಿ ಸ್ವಲ್ಪ ಕಾಯಬಹುದಿತ್ತು. ಕಾಯಬೇಕೆಂದು ನೆನಪೇ ಆಗಿರಲಿಲ್ಲ.

ಸಂಜೆ ಕೂಸಿನ ಗಾಡಿ ತಳ್ಳಿಕೊಂಡು ನಿಲ್ದಾಣದ ಬೇಲಿಯ ಕಡೆ ಹೋಗುತ್ತಿದ್ದೆವು. ಒಂದೇ ಒಂದು ಓಡುದಾರಿಯ ಮೇಲೆ ಎಂಥೆಂಥ ವಿಮಾನಗಳು. ಇಂಗ್ಲೆಂಡು, ಕೆನಡಾಗಳಿಂದ ಬರುವ ಭಾರಿ ವಿಮಾನ ಇಳಿದು ಪಕ್ಕಕ್ಕೆ ಸರಿದರೆ, ಅದರ ರೆಕ್ಕೆಯ ಕೆಳಗೆ ನಿಲ್ಲಬಹುದಾದಂಥ ಪುಟ್ಟ ವಿಮಾನವೊಂದು ಪಂಖ ತಿರುಗಿಸುತ್ತಾ ಪಕ್ಕದ ದ್ವೀಪಕ್ಕೆ ಹಾರುತ್ತಿತ್ತು. ಸುತ್ತಲಿನ ಸಣ್ಣ ದ್ವೀಪಗಳಿಗೆಲ್ಲ ಇದೇ ದೊಡ್ಡ ಬಸ್‌ಸ್ಟ್ಯಾಂಡು ಎಂದ ಅಳಿಯ. ಶಬ್ದಕ್ಕಿಂತ ಬೇಗ ಹಾರುತ್ತಿದ್ದ, ಈಗ ಹಾರುವುದನ್ನು ನಿಲ್ಲಿಸಿರುವ ಒಂದು ಹಳೆಯ ವಿಮಾನವನ್ನು ಅಲ್ಲಿಯೇ ಒಂದು ದೊಡ್ಡ ಕೊಟ್ಟಿಗೆಯಲ್ಲಿ ಕಾಪಾಡಿ ಇಟ್ಟಿದ್ದಾರೆಂದೂ ಹೇಳಿದ. ಬೇಲಿಯ ಹತ್ತಿರ ನಿಂತು, ಕೂಸನ್ನು ಎತ್ತಿಕೊಂಡು, ಹಿಂದೆ ವಿಮಾನ ಏಳುತ್ತಿರುವಾಗ ಫೋಟೋ ತೆಗೆಸಿಕೊಂಡೆ. ಗಾಳಿಗೆ ಕೂದಲು ಹಾರಿ, ಬಾಯಿ ತುಂಬ ನಗುತ್ತಿದ್ದೇನೆ. ನನ್ನ ಬದುಕಿನ ಒಳ್ಳೆಯ ಫೋಟೋ ಅದು. ಅಕ್ಕನಿಗೆ ಕಳಿಸಲಿಲ್ಲ. ಕೂಸು ಮಲಗಿದ್ದ, ನಾನಿಲ್ಲದ ಫೋಟೋಗಳನ್ನಷ್ಟೇ ಆರಿಸಿ ಕಳಿಸುತ್ತಿದ್ದೆ.

ಇರಲು ಕೊಟ್ಟಿದ್ದ ಅವಧಿ ಮುಗಿದು ಮರಳಿದೆ. ಮಾರನೆಯ ದಿನವೇ ಟಿಕೋಟಾಕ್ಕೆ ಹೋದೆ. ಅಕ್ಕ ನನ್ನನ್ನು ಕೂರಿಸಿಕೊಂಡು ಎಲ್ಲ ಕೇಳಿದಳು. ಮಗಳ ಊಟ, ಕೂಸಿನ ಹಸಿವು, ಅಳಿಯ ಸಿಟ್ಟು ಮಾಡುತ್ತಾನೋ ಇಲ್ಲವೋ. ಆಮೇಲೆ ನಿಲ್ದಾಣದ ಮಾತು ಬಂತು. ಪಾಸ್‌ಪೋರ್ಟ್ ನೋಡಿದವಳು ನನ್ನನ್ನೇ ಅಜ್ಜಿ ಎಂದು ಕರೆದದ್ದನ್ನೂ, ನಾನು ತಿದ್ದದೆ ಬಂದದ್ದನ್ನೂ ಹೇಳಿದೆ. ಅವಳ ಮುಖ ನೋಡಲಾಗದೆ ಗೋಡೆ ನೋಡುತ್ತಾ ಹೇಳಿದೆ.

"ಮತ್ತೇನ ಅನಬೇಕಿತ್ತು ಅಕಿ?" ಅಂದಳು ಅಕ್ಕ. "ನೀ ಆಯಿನ ಅಲ್ಲೇನ ಆ ಕೂಸಿಗೆ?"

ಅವಳು ಮನಸ್ಸಿನಿಂದಲೇ ಅಂದಳು. ಅದಕ್ಕೇ ನನಗೆ ಇನ್ನಷ್ಟು ಕಷ್ಟವಾಯಿತು. ಬೈದಿದ್ದರೆ ಹಗುರಾಗುತ್ತಿದ್ದೆನೇನೋ.

ಕೂಸು ತೆವಳುವ ಹೊತ್ತಿಗೆ ಮಗಳು ಅದನ್ನು ಕರೆದುಕೊಂಡು ಊರಿಗೆ ಬಂದಳು. ರಜೆ ಸ್ವಲ್ಪವೇ ಇತ್ತು, ನೇರ ಟಿಕೋಟಾಕ್ಕೆ ಹೋದಳು. ಎಲ್ಲರೂ ನನ್ನನ್ನು ಕರೆದರು. ನಾನು ಹೋಗಲಿಲ್ಲ. ಮೊದಲ ದಿನ ನೆಗಡಿ ಎಂದೆ, ಆಮೇಲೆ ಮನೆಗೆ ಯಾರೋ ಬರುತ್ತಾರೆ ಎಂದೆ, ಮತ್ತೊಂದು ದಿನ ಬಿಸಿಲಿನ ನೆಪ ಹೇಳಿದೆ. ನನ್ನ ಲೆಕ್ಕ ಒಂದೇ. ನಾನು ಅಲ್ಲಿಗೆ ಹೋದರೆ ಮಗಳು ಅಭ್ಯಾಸಬಲದಿಂದ ಕೂಸನ್ನು ನನ್ನ ಕೈಗೆ ಕೊಡುತ್ತಾಳೆ. ಅಕ್ಕ ಪಕ್ಕದಲ್ಲಿ ನಿಂತು ನೋಡಬೇಕಾಗುತ್ತದೆ. ಈ ಸಲವಾದರೂ ಅವಳದ್ದು ಅವಳಿಗೇ ಪೂರ್ತಿ ಸಿಗಲಿ.

ಒಂದು ಬೆಳಿಗ್ಗೆ ಬಾಗಿಲಲ್ಲಿ ಆಟೋ ನಿಂತಿತು. ಕೂಸನ್ನು ಸೊಂಟದ ಮೇಲೆ ಕೂರಿಸಿಕೊಂಡು ಅಕ್ಕ ಇಳಿದಳು, ಹಿಂದೆ ಮಗಳು. ಸಿದ್ಧೇಶ್ವರನ ಗುಡಿಗೆ ಕೂಸನ್ನು ಕರೆದುಕೊಂಡು ಬಂದವರು ಅಲ್ಲಿಂದ ನೇರ ನಮ್ಮ ಮನೆಗೆ ಬಂದಿದ್ದರು. ಕೂಸಿನ ಹಣೆಗೆ ವಿಭೂತಿಯಿತ್ತು.

ಅಕ್ಕ ನೀರು ಸಹ ಕೇಳಲಿಲ್ಲ.

"ಯಾಕ ಬರವಲ್ಲಿ ನೀ?"

"ಆರಾಮ ಇರಲಿಲ್ಲ ಅಕ್ಕಾ."

"ಆರಾಮಿಲ್ಲದ ಮುಖ ನಂಗ ಗೊತ್ತಿಲ್ಲೇನ? ಖರೇ ಹೇಳು."

ಮಗಳು ಅಡುಗೆಮನೆಗೆ ಹೋಗಿದ್ದಳು. ನಾನು ತಗ್ಗಿದ ದನಿಯಲ್ಲಿ ಹೇಳಿದೆ. "ಕೂಸು ಮೊದಲ ನಿನಗ ಹೊಂದಲಿ ಅಂತ. ನಾ ಅಲ್ಲಿ ಎಲ್ಲಾ ಉಂಡು ಬಂದೇನಿ. ಇಲ್ಲೂ ಬಂದು ನಡುವ ಕೂಡೂದು ಸರಿ ಅನಸಲಿಲ್ಲ."

ಅಕ್ಕ ನನ್ನನ್ನೇ ನೋಡಿದಳು. ಕಣ್ಣು ತುಂಬಿತ್ತು, ದನಿಯಲ್ಲಿ ಸಿಟ್ಟಿತ್ತು.

"ಕೂಸೇನ ನಾವಿಬ್ಬರೂ ಪಾಲ ಹಂಚಕೊಳ್ಳೂ ಹೊಲ ಏನ ಬೇ? ಅವತ್ತ ಆ ಕಾಗದ ಬಂದಾಗ ನಂಗ ಸಂಕಟ ಆಗಿಲ್ಲಂತ ಹೇಳೂದಿಲ್ಲ. ಎಮ್ಮಿ ಮುಂದ ಕುಂತು ಅತ್ತೀನಿ. ನಿನ್ನ ಮ್ಯಾಲ ಹೊಟ್ಟಿಕಿಚ್ಚೂ ಬಂತು. ಆದ್ರ ನನ್ನ ಮಗಳ ಹಂತ್ಯಾಕ ನೀ ಇದ್ದಿ ಅಂತ ನಾ ನಿದ್ದಿ ಮಾಡೇನಿ. ಇಲ್ಲಾಂದ್ರ ನಿದ್ದಿ ಬರತಿತ್ತೇನ ನಂಗ?"

ಹೊಟ್ಟೆಕಿಚ್ಚು ಎಂಬ ಮಾತು ಅವಳ ಬಾಯಿಂದ ಬಂದಾಗ ಮೊದಲ ಸಲ ನನ್ನ ಎದೆಯ ಭಾರ ಸ್ವಲ್ಪ ಜರುಗಿತು. ಅವಳು ದೇವರಾಗಿ ಕ್ಷಮಿಸುತ್ತಿರಲಿಲ್ಲ. ನನ್ನ ಹಾಗೇ ಅವಳೂ ಒಂದು ಕ್ಷಣ ಸಣ್ಣವಳಾಗಿದ್ದಳು.

"ನಂಗ ಅವತ್ತ ಖುಷಿ ಆಗಿತ್ತು ಅಕ್ಕಾ," ಅಂದೆ. "ನಾ ಒಬ್ಬಾಕೀನ ಹೋಗತೀನಿ ಅಂತ. ಒಂದ್ ಕ್ಷಣ."

"ಆಗದ ಏನ? ಸಣ್ಣಾಕಿದ್ದಾಗಿಂದ ನಿಂಗ ಊರು ತಿರಗೂ ಹುಚ್ಚು," ಎಂದು ಕೂಸನ್ನು ನನ್ನ ತೊಡೆಯ ಮೇಲೆ ಇಟ್ಟಳು.

ಕೂಸು ನನ್ನ ಮುಖ ನೋಡಿತು. ತುಟಿ ಸೊಟ್ಟ ಮಾಡಿತು. ಆಮೇಲೆ ಮನೆ ಹಾರಿಹೋಗುವ ಹಾಗೆ ಅಳತೊಡಗಿ, ಎರಡೂ ಕೈ ಚಾಚಿ ಅಕ್ಕನ ಕಡೆ ವಾಲಿತು. ಅಕ್ಕ ಎತ್ತಿಕೊಂಡ ಕೂಡಲೇ ಸುಮ್ಮನಾಯಿತು. ಆ ಊರಿನಲ್ಲಿ ತಿಂಗಳುಗಟ್ಟಲೆ ನಾನು ಎರೆದದ್ದು, ತೂಗಿದ್ದು ಅದಕ್ಕೆ ಒಂದಿಷ್ಟೂ ನೆನಪಿರಲಿಲ್ಲ. ಒಳಗಿಂದ ಬಂದ ಮಗಳು, "ಅಯ್ಯ, ಚಿಗವ್ವನ್ನ ಮರತು ಬಿಟ್ಟಿ ಏನ?" ಎಂದು ಕೂಸನ್ನು ಗದರಿದಳು. ಬೇಡವೆಂದು ನಾನು ಕೈಸನ್ನೆ ಮಾಡಿದೆ.

ಅಕ್ಕ ಸೆರಗಿನಿಂದ ಕೂಸಿನ ಕಣ್ಣೊರೆಸಿದಳು. ಅವಳ ತುಟಿಯಂಚಿನಲ್ಲಿ ಅಡಗಿಸಿದರೂ ಅಡಗದ ಗೆಲುವೊಂದು ಕಂಡಿತು. ಅದನ್ನು ನೋಡಲು ನಾನು ಎಷ್ಟು ದಿನದಿಂದ ಕಾದಿದ್ದೆನೋ.

ಊಟ ಮಾಡಿ, ಮಧ್ಯಾಹ್ನದ ಬಸ್ಸಿಗೆ ಹೊರಟರು. ಆಟೋ ಹತ್ತುವಾಗ ಅಕ್ಕ ತಿರುಗಿ ಹೇಳಿದಳು.

"ನಾಳಿ ಟಿಕೋಟಾಕ ಬಾ. ನಾಕ ದಿನ ಇರೂ ಹಂಗ ಬಾ."

ಎಲ್ಲ ಸರಿಹೋಯಿತೆಂದು ನಾನು ಹೇಳಲಾರೆ. ಆ ನೀಲಿ ನೀರಿನಿಂದ ಕಬ್ಬಿನ ಹೊಲದ ಮೇಲೆ ಇಳಿದ ಸುಖ ಇಂದಿಗೂ ನೆನಪಾಗುತ್ತದೆ, ನೆನಪಾದಾಗಲೆಲ್ಲ ಜೊತೆಗೆ ಒಂದು ಚುಚ್ಚು ಇದ್ದೇ ಇರುತ್ತದೆ. ಅಕ್ಕ ಈಗ ಮತ್ತೆ ಅರ್ಜಿ ಹಾಕಿದ್ದಾಳೆ. ಈ ಸಲ ಹೊಲದ ಒಂದು ಭಾಗ ಅವಳ ಹೆಸರಿಗೆ ಆಗಿದೆ. ಅವಳ ಗಂಡನೇ ಮುಂದೆ ನಿಂತು ಮಾಡಿಸಿದ. ಉತ್ತರ ಇನ್ನೂ ಬಂದಿಲ್ಲ.

ಅವತ್ತು ಅಕ್ಕ ಕರೆದಂತೆ ಮರುದಿನ ನಾನು ಮೊದಲ ಬಸ್ಸಿಗೇ ಟಿಕೋಟಾಕ್ಕೆ ಹೋಗಿದ್ದೆ. ಕೂಸು ಸಂಜೆಯವರೆಗೂ ನನ್ನನ್ನು ಕಂಡು ಅತ್ತಿತು.